ತ್ರಿಕೋನ ಹಾಕಿದವರು ಬರುವುದಿಲ್ಲ: ಕ್ಯೋಟೋದಲ್ಲಿ ನನ್ನ ಎರಡು ವರ್ಷ

ಕ್ಯೋಟೋಗೆ ಬಂದ ಮೊದಲ ಮೂರು ತಿಂಗಳಲ್ಲಿ ನನ್ನನ್ನು ಊಟಕ್ಕೆ ಕರೆದವರು ಹನ್ನೊಂದು ಜನ. ಲೆಕ್ಕ ಇಟ್ಟಿದ್ದೆ. ಹನ್ನೊಂದರಲ್ಲಿ ಒಂದು ಊಟವೂ ನಡೆಯಲಿಲ್ಲ.

ಎಲ್ಲರೂ ಹೇಳಿದ್ದು ಒಂದೇ ಮಾತು, "ಕೋಂದೊ ಗೋಹಾನ್ ಇಕೋ." ಯಾವತ್ತಾದರೂ ಊಟಕ್ಕೆ ಹೋಗೋಣ ಅಂತ. ನಾನು ಪೆದ್ದಿ ಥರ ಫೋನ್ ನೋಡಿಕೊಂಡು ಕಾಯುತ್ತಿದ್ದೆ. ನಮ್ಮ ಶಿವಮೊಗ್ಗದಲ್ಲಿ ದಾರಿಯಲ್ಲಿ ಸಿಕ್ಕವರೆಲ್ಲ "ಒಂದ್ಸಲ ಮನೆ ಕಡೆ ಬಾರೇ" ಅಂತಾರೆ. ಅದಕ್ಕೆ ಅವತ್ತೇ ಸಂಜೆ ಹೋಗಿ ಬಾಗಿಲು ತಟ್ಟುತ್ತೇವಾ? ಇಲ್ಲ ಅಲ್ವಾ. ಅದೇ ಮಾತು ಜಪಾನಿಯಲ್ಲಿ ಬಂದಿದ್ದಕ್ಕೆ ನನಗೆ ಗುರುತು ಸಿಗಲಿಲ್ಲ, ಅಷ್ಟೆ.

ನಾನು ಹೋಗಿದ್ದು 2022ರ ಸೆಪ್ಟೆಂಬರ್ ಕೊನೆಗೆ, ಎರಡು ವರ್ಷದ ಮಾಸ್ಟರ್ಸ್ ಓದಲು. ಲ್ಯಾಬಿನಲ್ಲಿ ಹದಿನಾಲ್ಕು ಜನ. ಹೊರದೇಶದವಳು ನಾನೊಬ್ಬಳೇ. ಆಗಿನ್ನೂ ಎಲ್ಲರ ಮುಖದ ಮೇಲೂ ಮಾಸ್ಕ್. ಪಕ್ಕದ ಮೇಜಿನ ಹುಡುಗಿಯ ಮೂಗು ನಾನು ನೋಡಿದ್ದೇ ಡಿಸೆಂಬರಿನಲ್ಲಿ. ಹೇಗೆ ಗೆಳೆತನ ಮಾಡೋದು ಹೇಳಿ.

ದಾರಿ ತೋರಿಸಿದ್ದು ಲ್ಯಾಬಿನ ಒಬ್ಬ ಸೆನ್‌ಪಾಯ್. ಅಂದರೆ ನಮ್ಮ ಸೀನಿಯರ್ ಇದ್ದ ಹಾಗೆ. ಆದರೆ ಅಲ್ಲಿ ಆ ಪದಕ್ಕೆ ತೂಕ ಜಾಸ್ತಿ. ಒಂದು ದಿನ ನನ್ನ ಹನ್ನೊಂದರ ಲೆಕ್ಕ ಕೇಳಿ ನಕ್ಕು, "ತಾರೀಖು ಇಲ್ಲದ ಮಾತನ್ನು ಯಾರೂ ಮಾತು ಅಂತ ತಗೊಳ್ಳಲ್ಲ. ನೀನೇ ಕಂಜಿ ಆಗು" ಅಂದಳು. ಕಂಜಿ ಅಂದರೆ ನಮ್ಮ ಗಂಜಿಯಲ್ಲ, ನಾವು ಕಲಿಯಲು ಒದ್ದಾಡುವ ಚೀನೀ ಅಕ್ಷರವೂ ಅಲ್ಲ. ಕೂಟ ಏರ್ಪಾಡು ಮಾಡುವವರು. ಜಾಗ ಹುಡುಕುವುದು, ತಾರೀಖು ಗೊತ್ತು ಮಾಡುವುದು, ದುಡ್ಡು ಎತ್ತುವುದು, ಎಲ್ಲ ಅವರದೇ. ಯಾರಿಗೂ ಬೇಡದ ಕೆಲಸ ಇದು. ಅದಕ್ಕೇ ಸುಲಭವಾಗಿ ಸಿಕ್ಕಿತು.

ಅವಳು 'ಚೋಸೇ-ಸಾನ್' ಅನ್ನೋ ವೆಬ್ ಪುಟ ತೋರಿಸಿದಳು. ನಾಲ್ಕೈದು ತಾರೀಖು ಹಾಕಿ ಲೈನ್ (ಅಲ್ಲಿನವರ ವಾಟ್ಸಾಪ್) ಗುಂಪಿಗೆ ಕೊಂಡಿ ಕಳಿಸಬೇಕು. ಪ್ರತಿ ತಾರೀಖಿನ ಮುಂದೆ ಎಲ್ಲರೂ ಒಂದು ಗುರುತು ಹಾಕುತ್ತಾರೆ. ಸೊನ್ನೆ ಹಾಕಿದರೆ ಬರ್ತೀನಿ, ಇಂಟು ಹಾಕಿದರೆ ಬರಲ್ಲ, ತ್ರಿಕೋನ ಹಾಕಿದರೆ ಗೊತ್ತಿಲ್ಲ. (ಸೊನ್ನೆ ಅಲ್ಲಿ ಒಳ್ಳೆಯದರ ಗುರುತು. ನನ್ನ ಮೊದಲ ಭಾಷಾ ಪರೀಕ್ಷೆಯ ಹಾಳೆ ತುಂಬ ಕೆಂಪು ಸೊನ್ನೆ ನೋಡಿ ಕಣ್ಣಲ್ಲಿ ನೀರು ಬಂದಿತ್ತು. ಅವೆಲ್ಲ ಸರಿ ಉತ್ತರಗಳು!)

ಮೊದಲ ಸಲ ನಾನು ಹಾಕಿದ್ದಕ್ಕೆ ಆರು ಸೊನ್ನೆ, ಐದು ತ್ರಿಕೋನ ಬಂತು. ಹನ್ನೊಂದು ಜನಕ್ಕೆ ಮೇಜು ಹೇಳಿದೆ. ಬಂದವರು ಆರು. ಖಾಲಿ ಐದು ಕುರ್ಚಿಯ ಎದುರು ಕೂತು ಕಲಿತ ಪಾಠ ಏನಂದರೆ, ತ್ರಿಕೋನ ಅಂದರೆ 'ಬರಲ್ಲ' ಅನ್ನೋದನ್ನು ನೋವಾಗದ ಹಾಗೆ ಹೇಳುವುದು. ಲ್ಯಾಬಿನ ಮೂಲೆ ಮೇಜಿನಲ್ಲಿ ಒಬ್ಬ ಹುಡುಗ ಇದ್ದ. ಎರಡು ವರ್ಷ ಪ್ರತಿಯೊಂದಕ್ಕೂ ತ್ರಿಕೋನವೇ ಹಾಕಿದ. ಒಂದಕ್ಕೂ ಬರಲಿಲ್ಲ. ಆದರೂ ಪ್ರತಿ ಸಲ ತಪ್ಪದೆ ಗುರುತು ಹಾಕುತ್ತಿದ್ದ. ಆಮೇಲಾಮೇಲೆ ಅದೂ ಒಂಥರಾ ಮಾತುಕತೆ ಅನ್ನಿಸತೊಡಗಿತು.

ಕಂಜಿಯಾದದ್ದರಿಂದ ನನಗೆ ಆದ ದೊಡ್ಡ ಲಾಭ ಊಟದ್ದು. ನಾನು ಸಸ್ಯಾಹಾರಿ. ಜಪಾನಿನಲ್ಲಿ ಗೆಳೆಯರ ಕೂಟ ಅಂದರೆ ಹೆಚ್ಚಿನಂಶ ನೋಮಿಕಾಯ್, ಇಜಕಾಯಾ ಅನ್ನೋ ಪಬ್ ಥರದ ಅಂಗಡಿಯಲ್ಲಿ ಕೂತು ಕುಡಿಯುವ ಕೂಟ. ಎರಡು ಗಂಟೆ, ಎಷ್ಟು ಕುಡಿದರೂ ಒಂದೇ ರೇಟು, ತಲೆಗೆ ನಾಲ್ಕು ಸಾವಿರ ಯೆನ್ ಆಸುಪಾಸು. ಲ್ಯಾಬಿನ ಮೊದಲ ನೋಮಿಕಾಯ್‌ನಲ್ಲಿ "ಮಾಂಸ ತಿನ್ನಲ್ಲ" ಅಂತ ಹೇಳಿದ್ದೆ. ಪಾಪ, ನನಗಾಗಿ ವಿಶೇಷವಾಗಿ ತರಿಸಿದ್ದು ಮೀನು. ಮೀನೂ ಇಲ್ಲ ಅಂದ ಮೇಲೆ ಆಲೂಗಡ್ಡೆ ಸಲಾಡ್ ಬಂತು, ಒಳಗೆ ಹ್ಯಾಮ್ ಚೂರು. ಕೊನೆಗೆ ತಣ್ಣನೆಯ ತೋಫು. ಅಬ್ಬ ಅಂತ ನೋಡಿದರೆ ಅದರ ಮೇಲೆ ಮರದ ಹೊಟ್ಟಿನ ಹಾಗಿರುವ ತೆಳ್ಳನೆ ಪದರಗಳು, ಗಾಳಿಗೆ ಜೀವ ಇದ್ದ ಹಾಗೆ ಅಲ್ಲಾಡುತ್ತಿವೆ. ಕತ್ಸುಒಬುಶಿ, ಒಣಗಿಸಿದ ಮೀನಿನ ತುರಿ. ಆ ರಾತ್ರಿ ಎದಮಾಮೆ ಅನ್ನೋ ಎಳೆ ಸೋಯಾ ಕಾಯಿ ಎರಡು ತಟ್ಟೆ ಸುಲಿದು ತಿಂದು, ಎಲ್ಲರಷ್ಟೇ ದುಡ್ಡು ಕೊಟ್ಟು, ರೂಮಿಗೆ ಬಂದು ಮೊಸರನ್ನ ಕಲಸಿಕೊಂಡೆ.

ಜಾಗ ಆರಿಸುವುದು ನನ್ನ ಕೈಗೆ ಬಂದ ಮೇಲೆ ಈ ಕಷ್ಟ ಮುಕ್ಕಾಲು ಮುಗಿಯಿತು. ಮೊದಲೇ ಫೋನ್ ಮಾಡಿ, ಮಾಂಸ, ಕೋಳಿ, ಮೀನು, ಹ್ಯಾಮ್, ಬೇಕನ್, ಮೀನಿನ ತುರಿ ಅಂತ ಒಂದೊಂದೇ ಹೆಸರು ಹೇಳಿ ಕೇಳುತ್ತಿದ್ದೆ. 'ಸಸ್ಯಾಹಾರ' ಅನ್ನೋ ಒಂದು ಪದದಿಂದ ಏನೂ ಕೆಲಸ ಆಗಲ್ಲ, ಪಟ್ಟಿ ಬೇಕು. ದಾಶಿ ಅನ್ನೋ ಸಾರಿನ ತಿಳಿ ಮಾತ್ರ ಎಲ್ಲದರಲ್ಲೂ ಇರುತ್ತದೆ, ಅದರಲ್ಲಿ ಮೀನೂ ಇರುತ್ತದೆ. ಹೊರಗೆ ತಿನ್ನುವಾಗ ಅದಕ್ಕೆ ಕಣ್ಣು ಮುಚ್ಚಿಕೊಂಡೆ. ಅಜ್ಜಿಗೆ ಈವರೆಗೆ ಹೇಳಿಲ್ಲ.

ಕುಡಿಯದವರಿಗೆ ಅಲ್ಲಿ ಕಷ್ಟ ಇಲ್ಲ. ಊಲಾಂಗ್ ಟೀ ಹೇಳಿದರೆ ಬಿಯರ್ ಥರದ್ದೇ ದೊಡ್ಡ ಗ್ಲಾಸಿನಲ್ಲಿ ಬರುತ್ತದೆ. ಆದರೆ ಎಲ್ಲರೂ "ಕಂಪಾಯ್", ಅಂದರೆ ಚಿಯರ್ಸ್, ಅನ್ನುವ ಮೊದಲು ಬಾಯಿಗೆ ಇಡಬಾರದು. ಪಕ್ಕದವರ ಗ್ಲಾಸ್ ಖಾಲಿಯಾಗಿದ್ದರೆ ನಾವು ತುಂಬಬೇಕು, ನಮ್ಮದನ್ನು ಅವರು ತುಂಬುತ್ತಾರೆ. ಮುಗಿದ ಮೇಲೆ ಎಲ್ಲರೂ ಅಂಗಡಿ ಹೊರಗೆ ಚಳಿಯಲ್ಲಿ ಇಪ್ಪತ್ತು ನಿಮಿಷ ಸುಮ್ನೆ ನಿಂತಿರುತ್ತಾರೆ, ಮನೆಗೂ ಹೋಗಲ್ಲ, ಎರಡನೇ ಅಂಗಡಿಗೂ ಹೋಗಲ್ಲ. ಮೊದಮೊದಲು ನಾನು ನಮಸ್ಕಾರ ಹೇಳಿ ಹೊರಟುಬಿಡುತ್ತಿದ್ದೆ. ದೊಡ್ಡ ತಪ್ಪು. ಒಳಗಿನ ಎರಡು ಗಂಟೆಯಲ್ಲಿ ಬಾರದ ಮಾತೆಲ್ಲ ಬರುವುದು ಆ ಇಪ್ಪತ್ತು ನಿಮಿಷದಲ್ಲಿ. ಪಕ್ಕದ ಮೇಜಿನ ಹುಡುಗಿ "ಇನ್ನು ಮೇಲೆ 'ದೆಸು', 'ಮಾಸು' ಬೇಡ" ಅಂದದ್ದು ಹಾಗೆ ನಿಂತಾಗಲೇ. ಅಂದರೆ ಬಹುವಚನ ಬಿಟ್ಟು ಏಕವಚನಕ್ಕೆ ಬಾ ಅಂತ. ನೀವು ಹೋಗಿ ನೀನು ಆದಾಗ ಆಗುವ ಖುಷಿ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕ್ಲಬ್ಬುಗಳ ವಿಷಯ ಬೇಗ ಮುಗಿಸುತ್ತೇನೆ. ಅಲ್ಲಿ 'ಸರ್ಕಲ್' ಅನ್ನುತ್ತಾರೆ. ಬೆಟ್ಟ ಹತ್ತುವ ಒಂದಕ್ಕೆ ಏಪ್ರಿಲ್‌ನಲ್ಲಿ ಸೇರಿ ಮೇ ತಿಂಗಳಲ್ಲಿ ಬಿಟ್ಟೆ. ಬೆಟ್ಟಕ್ಕಿಂತ ಮೀಟಿಂಗೇ ಜಾಸ್ತಿ.

ದುಡ್ಡಿಲ್ಲದ ತಿರುಗಾಟಕ್ಕೆ ಕಾಮೊ ನದಿ ಇತ್ತು. ದೆಮಾಚಿಯಾನಾಗಿ ಹತ್ತಿರ ಎರಡು ನದಿ ಸೇರುವ ಕಡೆ ಒಂದು ಮೂತಿ ಥರದ ದಂಡೆ ಇದೆ, ಎಲ್ಲರೂ 'ಡೆಲ್ಟಾ' ಅನ್ನುತ್ತಾರೆ. ನೀರಿಗೆ ಅಡ್ಡವಾಗಿ ಆಮೆ ಆಕಾರದ ದೊಡ್ಡ ಕಲ್ಲುಗಳಿವೆ, ಹಾರಿ ಹಾರಿ ದಾಟಬಹುದು. ಸಮೀಪದಲ್ಲೇ ದೆಮಾಚಿ ಫುತಾಬಾ ಅಂತ ಹಳೇ ಅಂಗಡಿ, ಮಾಮೆ ಮೋಚಿಗೆ ಹೆಸರುವಾಸಿ. ಮೆತ್ತನೆ ಅಕ್ಕಿ ಹಿಟ್ಟಿನ ಉಂಡೆ, ಒಳಗೆ ಸಿಹಿ ಹೂರಣ, ಹಿಟ್ಟಿನಲ್ಲೇ ಅಲ್ಲಲ್ಲಿ ಉಪ್ಪು ಬಟಾಣಿಯಂಥ ಕಾಳು. ಸಾಲಿನಲ್ಲಿ ಅರ್ಧ ಗಂಟೆ ನಿಂತು ತಂದೆವು. ದಂಡೆಯ ಮೇಲೆ ಕೂತು ಒಂದನ್ನು ಎತ್ತಿ ಬಾಯಿ ಹತ್ತಿರ ತಂದೆ. ತಲೆಯ ಹಿಂದಿನಿಂದ ಭರ್ ಅಂತ ಗಾಳಿ ಬಂತು. ಕೈಯಲ್ಲಿ ಹಿಟ್ಟಿನ ಪುಡಿ ಮಾತ್ರ ಉಳಿದಿತ್ತು, ಮೋಚಿ ಹದ್ದಿನ ಕಾಲಲ್ಲಿ. ಅಲ್ಲೇ ಬೋರ್ಡ್ ಇತ್ತು, 'ಹದ್ದು ಇದೆ ಎಚ್ಚರಿಕೆ' ಅಂತ. ಎಲ್ಲರೂ ನಕ್ಕು ಉರುಳಾಡಿದರು. ಅವತ್ತಿನಿಂದ ಲೈನ್‌ನಲ್ಲಿ ನನ್ನ ಹೆಸರಿನ ಪಕ್ಕ ಒಂದು ಹಕ್ಕಿ ಚಿತ್ರ.

ಇನ್ನು ನನ್ನ ಓಕಾಸಾನ್, ಅಂದರೆ ಜಪಾನಿನ ಅಮ್ಮ. ವಿದೇಶಿ ವಿದ್ಯಾರ್ಥಿಗಳನ್ನು ತಿಂಗಳಿಗೊಮ್ಮೆ ಮನೆಗೆ ಕರೆಯುವ ಒಂದು ವ್ಯವಸ್ಥೆಯ ಮೂಲಕ ಸಿಕ್ಕಿದವರು ಅರವತ್ತು ದಾಟಿದ ದಂಪತಿ. ಮೊದಲ ಸಲ ಕಾಲು ಗಂಟೆ ಮುಂಚೆ ಹೋಗಿ ಬೆಲ್ ಒತ್ತಿದೆ. ಲ್ಯಾಬಿನಲ್ಲಿ ಐದು ನಿಮಿಷ ಮೊದಲು ಇರಬೇಕು ಅಂತ ಕಲಿಸಿದ್ದರಲ್ಲ, ಮನೆಗೆ ಇನ್ನೂ ಮೊದಲು ಹೋದರೆ ಇನ್ನೂ ಒಳ್ಳೆಯದು ಅಂದುಕೊಂಡಿದ್ದೆ. ಅಮ್ಮ ಏಪ್ರನ್‌ನಲ್ಲಿ, ಕೈಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಹಿಡಿದುಕೊಂಡೇ ಬಾಗಿಲು ತೆಗೆದರು. ಮನೆಗೆ ಹೋಗುವಾಗ ಹೇಳಿದ ಹೊತ್ತಿಗೆ, ಇಲ್ಲವೇ ಎರಡು ಮೂರು ನಿಮಿಷ ತಡವಾಗಿ ಹೋಗಬೇಕಂತೆ. ಅವರಿಗೂ ಉಸಿರಾಡೋಕೆ ಹೊತ್ತು ಬೇಕಲ್ಲ.

ಊರಿಂದ ತಂದ ಮೈಸೂರು ಪಾಕ್ ಕೊಟ್ಟೆ. ಒಂದು ತುಂಡನ್ನು ಎಂಟು ಚೂರು ಮಾಡಿ, ಪ್ರತಿ ಚೂರಿಗೂ ಒಂದು ಬಿದಿರಿನ ಕಡ್ಡಿ ಚುಚ್ಚಿ, ಪುಟ್ಟ ತಟ್ಟೆಯಲ್ಲಿ ಕಹಿ ಮಚ್ಚಾ ಟೀ ಜೊತೆ ತಂದಿಟ್ಟರು. ನಮ್ಮ ಮನೆಯಲ್ಲಿ ಒಬ್ಬರೇ ಎರಡು ತುಂಡು ಹೊಡೆಯುವ ತಿಂಡಿ! ಆದರೆ ಆ ಕಹಿಗೂ ಈ ತುಪ್ಪಕ್ಕೂ ಎಂಥಾ ಜೋಡಿ ಅಂತೀರಿ. ಅಮ್ಮ ಗಂಡನ ಕಡೆ ತಟ್ಟೆ ಸರಿಸಿ "ತಾಬೆತೆ ಮಿತೆ" ಅಂದರು. 'ತಾಬೆತೆ' ಅಂದರೆ ತಿಂದು, 'ಮಿತೆ' ಅಂದರೆ ನೋಡು. ತಿಂದು ನೋಡು! ಇಂಗ್ಲಿಷಿನಲ್ಲಿ ಹೀಗೆ ಹೇಳೋಕೆ ಬರಲ್ಲ. ಹೊರಡುವಾಗಲೂ ಅಷ್ಟೆ, ಜಪಾನಿಯರು ಮನೆ ಬಿಡುವಾಗ "ಇತ್ತೆ ಕಿಮಾಸು" ಅಂತಾರೆ. ಪದಕ್ಕೆ ಪದ 'ಹೋಗಿ ಬರ್ತೀನಿ'. ಭಾಷೆ ಕಲಿಯೋಕೆ ಹೆದರುವ ಕನ್ನಡದ ಹುಡುಗರಿಗೆ ನಾನು ಇದನ್ನೇ ಹೇಳೋದು. ಅಕ್ಷರ ಕಷ್ಟ, ಆದರೆ ವಾಕ್ಯ ಕಟ್ಟುವ ರೀತಿ ನಮ್ಮದೇ.

ನಾನು ಮೀನು ತಿನ್ನಲ್ಲ ಅಂತ ಗೊತ್ತಾದ ಮೇಲೆ ಅಮ್ಮ ದಾಶಿಯನ್ನೇ ಬದಲಾಯಿಸಿದರು. ಹಿಂದಿನ ರಾತ್ರಿಯೇ ಕೊಂಬು ಅನ್ನೋ ಸಮುದ್ರದ ಸೊಪ್ಪು, ಒಣ ಶಿಟಾಕೆ ಅಣಬೆ ನೀರಿಗೆ ಹಾಕಿಡುತ್ತಿದ್ದರು. ಬೌದ್ಧ ಮಠಗಳ ಅಡುಗೆಯ ಪದ್ಧತಿ ಅದು. ನನಗೇನೂ ಹೇಳಿರಲಿಲ್ಲ. ಫ್ರಿಜ್‌ನಲ್ಲಿ ನನ್ನ ಹೆಸರು ಬರೆದ ಚೀಟಿ ಅಂಟಿಸಿದ ಬಾಟಲಿ ನೋಡಿ ಗೊತ್ತಾಯಿತು.

ಅವರು ನನ್ನನ್ನು ಗದರಿದ್ದು ಒಂದೇ ಸಲ. ಆಗಸ್ಟ್ 16ರ ರಾತ್ರಿ ಎಂಟಕ್ಕೆ ಊರಿನ ಪೂರ್ವದ ಬೆಟ್ಟದಲ್ಲಿ 'ದೊಡ್ಡ' ಅನ್ನೋ ಅರ್ಥದ ಅಕ್ಷರದ ಆಕಾರದಲ್ಲಿ ಬೆಂಕಿ ಹಚ್ಚುತ್ತಾರೆ. ಆಮೇಲೆ ಐದೈದು ನಿಮಿಷ ಬಿಟ್ಟು ಬೇರೆ ಬೆಟ್ಟಗಳಲ್ಲೂ. ನಾನು ಲ್ಯಾಬಿನ ಹುಡುಗರಿಂದ ಕೇಳಿದ ಹಾಗೆ "ದೈಮೋಂಜಿ-ಯಾಕಿ ನೋಡೋಕೆ ಹೋಗೋಣ" ಅಂದೆ. "ಯಾಕಿ ಅಲ್ಲ, ಓಕುರಿಬಿ" ಅಂದರು, ಗಟ್ಟಿಯಾಗಿ. ಯಾಕಿ ಅಂದರೆ ಸುಡುವುದು, ಹುರಿಯುವುದು. ಓಕುರಿಬಿ ಅಂದರೆ ಕಳಿಸಿಕೊಡುವ ಬೆಂಕಿ. ಓಬೊನ್‌ಗೆ ಮನೆಗೆ ಬಂದ ಹಿರಿಯರ ಆತ್ಮಗಳನ್ನು ಮರಳಿ ಕಳಿಸುವ ರಾತ್ರಿ. ನಮ್ಮ ಪಿತೃಪಕ್ಷ ನೆನಪಾಯಿತು, ಆಮೇಲೆ ತಿದ್ದಿಸಿಕೊಳ್ಳಬೇಕಾಗಲಿಲ್ಲ. ನದಿ ದಂಡೆಯಲ್ಲಿ ನಿಂತಾಗ ಅಮ್ಮ ಚೀಲದಿಂದ ಮೂರು ಪುಟ್ಟ ಬಟ್ಟಲು ತೆಗೆದು ನೀರು ಹಾಕಿದರು. ಬೆಂಕಿಯ ಬಿಂಬ ಅದರಲ್ಲಿ ಬೀಳಿಸಿ ಕುಡಿದರೆ ಕಾಯಿಲೆ ಬರಲ್ಲ ಅಂತ ನಂಬಿಕೆ. ನನ್ನ ಬಟ್ಟಲಲ್ಲಿ ಹಿಂದಿನವರ ಫೋನ್ ಬೆಳಕೇ ಬಿದ್ದಿತ್ತು. ಸುಮ್ನೆ ಕುಡಿದೆ.

ಕಂಜಿಯಾಗಿ ನಾನು ಹೆಮ್ಮೆಪಡುವ ಪ್ರವಾಸ 2024ರ ಮಾರ್ಚ್‌ನದು. ಸೇಶುನ್ 18 ಅನ್ನೋ ರೈಲು ಟಿಕೆಟ್, ಸಾಮಾನ್ಯ ರೈಲುಗಳಲ್ಲಿ ಇಡೀ ದಿನ ಎಷ್ಟಾದರೂ ಓಡಾಡಬಹುದು. ಆಗ 12,050 ಯೆನ್‌ಗೆ ಐದು ಸಲ. ಐದು ಜನ ಒಂದೇ ದಿನ ಹೋದರೆ ತಲೆಗೆ 2,410 ಬೀಳುತ್ತಿತ್ತು. ಗೇಟಿನಲ್ಲಿ ಐವರೂ ಒಟ್ಟಿಗೆ ನಿಂತರೆ ಒಂದೇ ಚೀಟಿಗೆ ಐದು ಮುದ್ರೆ ಹೊಡೆಯುತ್ತಿದ್ದರು, ಆಮೇಲೆ ದಿನವಿಡೀ ಯಾರೂ ಬೇರೆಯಾಗುವ ಹಾಗಿರಲಿಲ್ಲ. (ಆ ವರ್ಷದ ಚಳಿಗಾಲದಿಂದ ನಿಯಮ ಬದಲಾಗಿದೆ, ಈಗ ಹೀಗೆ ಹಂಚಿಕೊಳ್ಳೋಕೆ ಆಗಲ್ಲ.) ಬೆಳಗಿನ ರೈಲು ಹಿಡಿದು ಕಿನೊಸಾಕಿಗೆ ಹೋದೆವು. ಅಲ್ಲಿ ಸಾರ್ವಜನಿಕ ಬಿಸಿನೀರಿನ ಬಚ್ಚಲುಗಳು, ನಡುವೆ ಹೊಳೆ, ದಂಡೆಗೆ ವಿಲೋ ಮರ. ಮೈಮೇಲೆ ನೂಲೂ ಇಲ್ಲದೆ ಎಲ್ಲರೆದುರು ನೀರಿಗಿಳಿಯಬೇಕು. ಬಟ್ಟೆ ಬಿಚ್ಚುವ ಕೋಣೆಯಲ್ಲಿ ನಾನು ಹತ್ತು ನಿಮಿಷ ಜಡೆ ಕಟ್ಟಿದೆ, ಬಿಚ್ಚಿದೆ, ಕಟ್ಟಿದೆ. ಕೊನೆಗೆ ಒಳಗೆ ಹೋದರೆ ಅಜ್ಜಿಯರು ಬೆನ್ನು ತಿಕ್ಕಿಕೊಳ್ಳುತ್ತಿದ್ದರು, ಯಾರೂ ತಿರುಗಿ ನೋಡಲಿಲ್ಲ. ನೀರಿಗೆ ಇಳಿದ ತಕ್ಷಣ ದೀಪಾವಳಿಯ ಹಂಡೆ ನೀರು ನೆನಪಾಗಿ "ಅಯ್ಯಮ್ಮ" ಅಂದುಬಿಟ್ಟೆ. ಅದೇ ಕ್ಷಣಕ್ಕೆ ಪಕ್ಕದಲ್ಲಿ ಗೆಳತಿ "ಹಾಆ" ಅಂತ ಉಸಿರು ಬಿಟ್ಟಳು.

2024ರ ಸೆಪ್ಟೆಂಬರ್‌ನಲ್ಲಿ ಹೊರಡುವ ವಾರ ನನ್ನ ಬೀಳ್ಕೊಡುಗೆ. ಹೊರಡುವವರೇ ಕಂಜಿ ಆಗುವ ಹಾಗಿಲ್ಲವಂತೆ. ಹೊಸದಾಗಿ ಸೇರಿದ ಒಬ್ಬ ಹುಡುಗಿ ಕೊಂಡಿ ಕಳಿಸಿದಳು. ಅಂಗಡಿಗೆ ಫೋನ್ ಮಾಡಿ ನನ್ನ ಪಟ್ಟಿಯನ್ನು ಒಂದೂ ಬಿಡದೆ ಒಪ್ಪಿಸಿದ್ದಳು, ಬೇಕನ್ ಸಮೇತ. ಎಂಟು ಸೊನ್ನೆ, ಒಂದು ತ್ರಿಕೋನ ಬಂತು. ಮೇಜು ಒಂಬತ್ತು ಜನಕ್ಕೆ ಅಂತ ಹೇಳಿದ್ದಳು, ನಾನೂ ಸೇರಿ. ನನ್ನಿಂದಲೇ ಕಲಿತ ಲೆಕ್ಕ.

ಶುರುವಾಗಿ ನಲವತ್ತು ನಿಮಿಷ ಆಗಿತ್ತು. ಪರದೆ ಸರಿಸಿಕೊಂಡು ಸೈಕಲ್ ಹೆಲ್ಮೆಟ್ ಕೈಯಲ್ಲಿ ಹಿಡಿದ ಮೂಲೆ ಮೇಜಿನವನು ನಿಂತಿದ್ದ. ಕುರ್ಚಿ ಇರಲಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಸರಿದು ನನ್ನ ಪಕ್ಕ ಜಾಗ ಮಾಡಿದರು. ಏನು ಮಾತಾಡಬೇಕು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ಅವನು ನನ್ನ ಖಾಲಿ ಗ್ಲಾಸ್ ನೋಡಿದ. ಮಾಣಿಯನ್ನು ಕರೆದು ಎರಡು ಊಲಾಂಗ್ ಟೀ ಹೇಳಿದ.