ಐಸ್ ಕೆಳಗೆ ಹೈಡ್ರೋಫೋನ್ ಉಳಿಸಿಕೊಂಡ ನನ್ನ ಅನುಭವ

ಅಂಟಾರ್ಕ್ಟಿಕಾದ ಮ್ಯಾಕ್‌ಮರ್ಡೊ ಸೌಂಡ್ ಎಂಬ ಕೊಲ್ಲಿಯಲ್ಲಿ ಐಸ್ ಕೊರೆದು ಹೈಡ್ರೋಫೋನ್ (ನೀರಿನೊಳಗೆ ದನಿ ಹಿಡಿಯುವ ಮೈಕ್) ಇಳಿಬಿಟ್ಟು, ಸೀಸನ್ ಪೂರ್ತಿ ವೆಡೆಲ್ ಸೀಲ್‌ಗಳ ಕೂಗು ಹಿಡಿಯುತ್ತೇನೆ ಅಂದಾಗ ಜೊತೆಯವರು ನಕ್ಕಿದ್ದರು. ‘ಕೇಬಲ್ ಕಳೆದುಕೊಳ್ಳುತ್ತೀಯ. ತಳಕ್ಕೆ ರೆಕಾರ್ಡರ್ ಬಿಟ್ಟು ಮುಂದಿನ ವರ್ಷ ಎತ್ತಿಕೋ’ ಅಂದರು. ಈಗ ಅವರೇ ನನ್ನ ಸೆಟಪ್‌ನ ಫೋಟೋ ಕೇಳುತ್ತಿದ್ದಾರೆ.

ಅವರು ಸುಮ್ನೆ ಹೇಳಿದ್ದಲ್ಲ ಬಿಡಿ. ಮೊದಲ ಕೇಬಲ್ ತೂತಿನಲ್ಲೇ ಹೆಪ್ಪುಗಟ್ಟಿತು. ಎತ್ತುವಾಗ ಮೇಲಿನ ಕವಚ ಸುಲಿದು ಉಪ್ಪುನೀರು ಒಳಗೆ ಹೋಯಿತು. ಎರಡನೆಯದರ ಪಾಡು ಇನ್ನೂ ಕೆಟ್ಟದು. ಅಲ್ಲಿನ ನೀರು ಮೈನಸ್ 1.9 ಡಿಗ್ರಿ ಆಸುಪಾಸು. ವಸಂತದ ಶುರುವಿನಲ್ಲಿ ಮೇಲಿನ ಪದರ ಹೆಪ್ಪುಗಟ್ಟಲು ಒಂದು ನೆಪಕ್ಕೆ ಕಾಯುತ್ತಿರುತ್ತದೆ. ಕೇಬಲ್ ಸಿಕ್ಕಿದ್ದೇ ತಡ, ಸುತ್ತಲೂ ಬಿಲ್ಲೆ ಬಿಲ್ಲೆಯಾಗಿ ಐಸ್ ಬೆಳೆಯಿತು. ಐಸ್ ತೇಲುತ್ತೆ ಅಲ್ವಾ, ಕಟ್ಟಿದ್ದ ತೂಕದ ಸಮೇತ ಹೈಡ್ರೋಫೋನನ್ನು ಮೇಲೆತ್ತಿ ಐಸ್‌ನ ತಳಕ್ಕೆ ಅಂಟಿಸಿಬಿಟ್ಟಿತು. ಎರಡೂ ಸೇರಿ ನಾಲ್ಕು ಸಾವಿರ ಡಾಲರ್ ಹತ್ತಿರ ನೀರುಪಾಲು. ದುಡ್ಡು ಕೊಟ್ಟವರಿಗೆ ಬರೆದ ಆ ಇಮೇಲ್ ನೆನೆದರೆ ಈಗಲೂ ಕಸಿವಿಸಿ.

ಆಮೇಲೆ ಐಸ್ ದಾಟುವಷ್ಟು ಉದ್ದಕ್ಕೆ ಕೇಬಲ್ಲನ್ನು ಪ್ಲಾಸ್ಟಿಕ್ ಪೈಪಿನೊಳಗೆ ಹಾಯಿಸಿದೆ. ಪೈಪಿನಲ್ಲಿ ಏನು ತುಂಬಿದೆ ಅಂತ ಪರವಾನಗಿ ಕೊಟ್ಟವರಿಗೆ ಗೊತ್ತು, ಸದ್ಯಕ್ಕೆ ಅಷ್ಟು ಸಾಕು. ಹೈಡ್ರೋಫೋನನ್ನು ನಲವತ್ತು ಮೀಟರ್‌ಗಿಂತ ಕೆಳಗೆ ಇಳಿಸಿದೆ, ಬಿಲ್ಲೆ ಐಸ್‌ನ ಕಾಟ ಅಲ್ಲಿಗೆ ಮುಟ್ಟಲಿಲ್ಲ. ತೂಕ ಮೂರು ಪಟ್ಟು. ಕೇಬಲ್ ಮೈಮೇಲೆ ಟೇಪ್, ಗಂಟು ಏನೂ ಇಲ್ಲ, ಒಂದು ಚೂರು ಒರಟು ಸಿಕ್ಕರೂ ಐಸ್ ಅಲ್ಲೇ ಕಚ್ಚುತ್ತದೆ. ಬ್ಯಾಟರಿ ಲಿಥಿಯಂ, ಆ ಚಳಿಗೆ ಆಲ್ಕಲೈನ್ ನಂಬಬೇಡಿ.

ಸ್ಯಾಂಪ್ಲಿಂಗ್, ಅಂದರೆ ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆದು ದಾಖಲಿಸಬೇಕು ಅನ್ನುವ ವಿಷಯದಲ್ಲೂ ಜಗಳ ಆಯಿತು. 48 ಕಿಲೋಹರ್ಟ್ಸ್ ಸಾಕು ಅಂದರು. ಅದರ ಅರ್ಧದವರೆಗಿನ ದನಿಯಷ್ಟೇ ಸಿಗುವುದು, ಹಾಗಾದರೆ 24ರ ಮೇಲಿನದೆಲ್ಲ ಹೋದಂತೆಯೇ. ವೆಡೆಲ್ ಸೀಲ್‌ಗಳು ನಮ್ಮ ಕಿವಿಗೆ ಕೇಳದಷ್ಟು ಎತ್ತರದ ದನಿಯನ್ನೂ ಹೊರಡಿಸುತ್ತವೆ ಅಂತ ಇದೇ ಮ್ಯಾಕ್‌ಮರ್ಡೊದ ರೆಕಾರ್ಡಿಂಗ್‌ಗಳಿಂದ 2020ರಲ್ಲಿ ವರದಿ ಬಂದಿದೆಯಲ್ಲ! ನಾನು 192ರಲ್ಲೇ ಓಡಿಸಿದೆ. ದಿನಕ್ಕೆ 33 ಜಿಬಿ ತುಂಬಿತು, ಡಿಸ್ಕ್ ಖರ್ಚು ಜಾಸ್ತಿಯಾಯಿತು. ಆದರೆ ಉದ್ದಕ್ಕೆ ಜಾರುತ್ತಾ ಇಳಿಯುವ ಟ್ರಿಲ್‌ಗಳ (ನಡುಗುವ ಕೂಗುಗಳ) ನಡುವೆ, 30 ಕಿಲೋಹರ್ಟ್ಸ್ ಆಚೆ, ಸ್ಪೆಕ್ಟ್ರೋಗ್ರಾಮ್‌ನಲ್ಲಿ (ದನಿಯ ಏರಿಳಿತ ತೋರಿಸುವ ಚಿತ್ರದಲ್ಲಿ) ಸಣ್ಣ ಸಣ್ಣ ಗೆರೆಗಳು ಸಾಲಾಗಿ ಮೂಡಿದವು. 48ರವರನ್ನು ಕರೆದು ತೋರಿಸಿದೆ!

ಸುಮ್ನೆ ನೋಡೋಣ ಅಂತ ಒಂದು ಕಾಂಟ್ಯಾಕ್ಟ್ ಮೈಕನ್ನು (ತಾಗಿದ ವಸ್ತುವಿನ ಕಂಪನ ಹಿಡಿಯುವ ಮೈಕ್) ಐಸ್ ಮೇಲೇ ನೀರು ಸುರಿದು ಹೆಪ್ಪುಗಟ್ಟಿಸಿದೆ. ಟ್ರಿಲ್ ಚೆನ್ನಾಗಿಯೇ ಬಂತು. ಎತ್ತರದ ದನಿ ಒಂದೂ ಇಲ್ಲ, ಬದಲಿಗೆ ಅಡುಗೆಯವರ ಬೂಟಿನ ಸದ್ದು ಸ್ಪಷ್ಟ. ಅಗ್ಗದ ಕೆಲಸಕ್ಕೆ ಅದೂ ಆದೀತು.

ಮುಂದಿನ ಸೀಸನ್‌ಗೆ ಇನ್ನೆರಡು ತೂತು ಕೊರೆಯಬೇಕು. ಮೂರು ಕಡೆ ದನಿ ತಲುಪಿದ ಹೊತ್ತಿನ ವ್ಯತ್ಯಾಸ ಸಿಕ್ಕರೆ ಕೂಗಿದ ಗಂಡು ಯಾವ ಬಿರುಕಿನ ಕೆಳಗಿದೆ ಅಂತ ಹಿಡಿಯಬಹುದು. ಗಡಿಯಾರಗಳನ್ನು ಹೊಂದಿಸುವುದೇ ದೊಡ್ಡ ತಲೆನೋವು, ಅದಕ್ಕೊಂದು ದಾರಿ ಹುಡುಕುತ್ತಿದ್ದೇನೆ.