ಗೋಧಿ ಬಿಟ್ಟರೂ ಹೋಗದ ಹೊಟ್ಟೆ ತೊಂದರೆ ಹೋಗಿದ್ದು ಹೇಗೆ: ನನ್ನ ಅನುಭವ

ಹದಿನಾಲ್ಕು ತಿಂಗಳಾಯ್ತು, ಮೈಮೇಲೆ ಒಂದು ದದ್ದು ಎದ್ದಿಲ್ಲ. ಬೆಳಗ್ಗೆ ಎದ್ದ ತಕ್ಷಣ ನಾಲ್ಕೈದು ಸಲ ಓಡುವುದು ನಿಂತಿದೆ. ಹೊಟ್ಟೆ ಉಬ್ಬರ ತಿಂಗಳಿಗೆ ಒಂದು ಸಲ, ಹೆಚ್ಚೆಂದರೆ ಎರಡು ಸಲ. 46 ಕೆಜಿಗೆ ಇಳಿದಿದ್ದವಳು ಈಗ 53 ಇದ್ದೇನೆ. ಎಂಟೂವರೆ ಇದ್ದ ಹಿಮೋಗ್ಲೋಬಿನ್ ಹನ್ನೊಂದರ ಹತ್ತಿರ ಬಂದಿದೆ. ಮನೆಯಲ್ಲೂ ಊರಲ್ಲೂ ಯಾರೂ ನಂಬಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. "ದೇಶಾನೇ ಚಪಾತಿ ತಿಂತಾ ಇದೆ, ನಿನಗೊಬ್ಬಳಿಗೆ ಆಗಲ್ವೇನಮ್ಮಾ" ಅಂತ ನಮ್ಮತ್ತೆ ಎಷ್ಟು ಸಲ ಕೇಳಿದರೋ ಲೆಕ್ಕವಿಲ್ಲ.

ನಮ್ಮದು ಮುಳಬಾಗಿಲು ಕಡೆಯ ಹಳ್ಳಿ, ಟೊಮೆಟೊ ಬೆಳೆಯುವ ಮನೆ. ನನಗೆ ಆಗದಿರುವುದು ಎರಡು: ಒಂದು ಗ್ಲುಟನ್, ಅಂದರೆ ಗೋಧಿಯಲ್ಲಿರುವ ಪ್ರೋಟೀನು. ಇನ್ನೊಂದು ಹಿಸ್ಟಮಿನ್, ಹೊತ್ತು ಕಳೆದ, ಹುಳಿ ಬಂದ ಊಟದಲ್ಲೂ ಕೆಲವು ತರಕಾರಿಯಲ್ಲೂ ಇರುವ ಒಂದು ರಾಸಾಯನಿಕ; ಅದು ಆಗದವರಿಗೆ ದದ್ದು, ತುರಿಕೆ, ತಲೆನೋವು ಬರುತ್ತದೆ.

ನಾನು ಮಾಡಿದ ಮೊದಲ ತಪ್ಪು ಏನು ಅಂದರೆ, ಪರೀಕ್ಷೆ ಮಾಡಿಸುವ ಮೊದಲೇ ಗೋಧಿ ಬಿಟ್ಟೆ. ಆರು ತಿಂಗಳು ಬಿಟ್ಟ ಮೇಲೆ ಹೋಗಿ, ಸೀಲಿಯಾಕ್ (ಗ್ಲುಟನ್ ತಿಂದರೆ ಸಣ್ಣ ಕರುಳು ಹಾಳಾಗುವ ಕಾಯಿಲೆ) ಇದೆಯಾ ಅಂತ ನೋಡುವ ಟಿಟಿಜಿ ರಕ್ತ ಪರೀಕ್ಷೆ ಮಾಡಿಸಿದೆ. ನೆಗೆಟಿವ್ ಬಂತು. ಗೋಧಿ ತಿನ್ನುತ್ತಾ ಇದ್ದರೆ ಮಾತ್ರ ಅದರಲ್ಲಿ ಸರಿಯಾಗಿ ಗೊತ್ತಾಗುವುದು ಅಂತ ಬೆಂಗಳೂರಿನ ಹೊಟ್ಟೆ ಡಾಕ್ಟರು ಆಮೇಲೆ ಹೇಳಿದರು. ಮತ್ತೆ ಆರೆಂಟು ವಾರ ದಿನಾ ಗೋಧಿ ತಿಂದು ಬನ್ನಿ ಅಂದರು. ಎರಡನೇ ವಾರಕ್ಕೇ ಹಾಸಿಗೆ ಹಿಡಿದೆ, ಅಲ್ಲಿಗೆ ಬಿಟ್ಟೆ. ಹಾಗಾಗಿ ನನ್ನದು ಸೀಲಿಯಾಕ್ ಹೌದೋ ಅಲ್ಲವೋ ಇವತ್ತಿಗೂ ತೀರ್ಮಾನವಾಗಿಲ್ಲ. ನೀವು ದಯವಿಟ್ಟು ಮೊದಲು ರಕ್ತ ಕೊಡಿ, ಆಮೇಲೆ ಗೋಧಿ ಬಿಡಿ.

ಎರಡನೇ ತಪ್ಪಿಗೆ ಒಂಬತ್ತು ಸಾವಿರ ಹೋಯಿತು. ಒಂದೇ ಸಲಕ್ಕೆ ಇನ್ನೂರಕ್ಕೂ ಜಾಸ್ತಿ ಆಹಾರ ನೋಡುತ್ತೇವೆ ಅನ್ನುವ ಐಜಿಜಿ ಪರೀಕ್ಷೆ, ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ ಅಳೆಯುವುದು. ಬಣ್ಣಬಣ್ಣದ ರಿಪೋರ್ಟ್ ಕೊಟ್ಟರು. ಅದರಲ್ಲಿ ರಾಗಿ ಕೆಂಪು, ತೊಗರಿಬೇಳೆ ಕೆಂಪು, ತೆಂಗಿನಕಾಯಿ ಕೆಂಪು. ನಾನು ದಿನಾ ತಿನ್ನುವುದೆಲ್ಲ ಕೆಂಪು. ಅದು ನೀವು ಏನು ತಿನ್ನುತ್ತೀರಿ ಅಂತ ಹೇಳುತ್ತದೆ, ಏನು ಆಗಲ್ಲ ಅಂತ ಅಲ್ಲ ಅಂದರು ಅದೇ ಡಾಕ್ಟರು. ಅಷ್ಟರಲ್ಲಿ ಎರಡು ತಿಂಗಳು ರಾಗಿ ಬಿಟ್ಟು ಬರೀ ಅನ್ನ ತಿಂದು ಇನ್ನೂ ಸೊರಗಿದ್ದೆ. ಹೊಟ್ಟೆಯೊಳಗೆ ಕೊಳವೆ ಬಿಟ್ಟು ನೋಡುವ ಸ್ಕೋಪಿ, ಸ್ಕ್ಯಾನ್, ಓಡಾಟ, ಮಾತ್ರೆ ಎಲ್ಲ ಸೇರಿ ಮೂರು ವರ್ಷದಲ್ಲಿ ಎಪ್ಪತ್ತು ಸಾವಿರದ ಆಸುಪಾಸು ಖರ್ಚಾಗಿದೆ. ಬೆಂಗಳೂರಿಂದ ತರಿಸುತ್ತಿದ್ದ ಗ್ಲುಟನ್ ಇಲ್ಲದ ಬ್ರೆಡ್ಡು ಮುನ್ನೂರು ರೂಪಾಯಿ ಹತ್ತಿರ, ಅದರಲ್ಲೂ ಈಸ್ಟು, ವಿನೆಗರ್. ತಿಂದ ರಾತ್ರಿಯೇ ತುರಿಕೆ. ಆ ದುಡ್ಡು ಈ ಲೆಕ್ಕದಲ್ಲಿ ಸೇರಿಲ್ಲ.

ಗೋಧಿ ಬಿಟ್ಟೆ ಅಂದುಕೊಂಡಿದ್ದೆ, ಆದರೆ ಬಿಟ್ಟಿರಲಿಲ್ಲ. ಒಂದು ದಿನ ಹಿಂಗಿನ ಡಬ್ಬಿ ತಿರುಗಿಸಿ ಓದಿದೆ. ಗೋಧಿ ಹಿಟ್ಟು ಅಂತ ಬರೆದಿತ್ತು. ಪುಡಿ ಹಿಂಗಿನಲ್ಲಿ ಬಹಳಷ್ಟು ಕಡೆ ಮೈದಾನೋ ಗೋಧಿನೋ ಸೇರಿಸಿರುತ್ತಾರೆ. ದಿನಾ ಎರಡು ಹೊತ್ತು ಒಗ್ಗರಣೆಗೆ ಬೀಳುತ್ತಿತ್ತು ಅದು.

ಆಮೇಲೆ ಗಿರಣಿ. ನಮ್ಮೂರ ಗಿರಣಿಯಲ್ಲಿ ಗೋಧಿ, ರಾಗಿ, ಜೋಳ ಎಲ್ಲಾ ಒಂದೇ ಕಲ್ಲು. ಒಂದು ಸಲ ಪಕ್ಕದಲ್ಲೇ ನಿಂತು ನೋಡಿದೆ. ನನಗಿಂತ ಮುಂಚೆ ಯಾರದ್ದೋ ಗೋಧಿ ಆಗಿತ್ತು. ನನ್ನ ರಾಗಿ ಹಾಕಿದಾಗ ಗಿರಣಿ ಬಾಯಿಗೆ ಕಟ್ಟಿದ ಬಟ್ಟೆಯಿಂದ ಮೊದಲು ಬಿದ್ದ ಹಿಟ್ಟು ಬೆಳ್ಳಗಿತ್ತು. ಎರಡು ಮೂರು ಹಿಡಿ ಆದ ಮೇಲೆ ನಿಧಾನಕ್ಕೆ ಬೂದಿ ಬಣ್ಣಕ್ಕೆ ತಿರುಗಿತು. ಬಟ್ಟೆ ಕೊಡವಿದಾಗ ಮತ್ತೆ ಬೆಳ್ಳಗೆ ಉದುರಿತು. ಅಷ್ಟು ದಿನ ಅದನ್ನೇ ಮುದ್ದೆ ಮಾಡಿ ನುಂಗಿದ್ದೆ.

ಮೊದಲು ಎರಡು ಕೆಜಿ ನುಚ್ಚಕ್ಕಿ ಬೀಸಿಸಿ, ಅದನ್ನು ಹಸುವಿಗೆ ಹಾಕಿ, ಆಮೇಲೆ ರಾಗಿ ಹಾಕಿಸಿ ನೋಡಿದೆ. ಸ್ವಲ್ಪ ಪರವಾಗಿಲ್ಲ, ಆದರೆ ಪೂರ್ತಿ ಅಲ್ಲ. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್ಟಲ್ಲಿ 15 ಕೆಜಿ ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿತಲ್ಲ, ಆಗ ನಮ್ಮದೂ ಒಂದಿಷ್ಟು ಮಾಲು ಇತ್ತು. ಆ ದುಡ್ಡಲ್ಲಿ ಮನೆಗೇ ಸಣ್ಣ ಗಿರಣಿ ತಗೊಂಡೆವು, ಹದಿನೇಳೋ ಹದಿನೆಂಟೋ ಸಾವಿರ. ಸೆಕೆಂಡ್ ಹ್ಯಾಂಡ್ ಎಂಟು ಸಾವಿರಕ್ಕೆ ಸಿಗುತ್ತಿತ್ತು. ಆದರೆ ಅದರೊಳಗೆ ಬೇರೆಯವರ ಗೋಧಿ ಹಿಟ್ಟು ಇರುತ್ತದಲ್ವಾ. ನಮ್ಮ ಗಿರಣಿಗೆ ಇವತ್ತಿನವರೆಗೆ ಒಂದು ಕಾಳು ಗೋಧಿ ಬಿದ್ದಿಲ್ಲ.

ಹೊಟ್ಟೆ ಅರ್ಧ ಸರಿಹೋಯಿತು. ದದ್ದು, ಕೆನ್ನೆ ಕಿವಿ ಕೆಂಪಾಗುವುದು, ತಲೆನೋವು ಮಾತ್ರ ಹಾಗೇ ಉಳಿಯಿತು. ಎಲ್ಲರೂ "ನೋಡಿದ್ಯಾ, ಗೋಧಿ ಅಲ್ಲವೇ ಅಲ್ಲ" ಅಂದರು. ಆಗ ತುಂಬಾ ಅತ್ತಿದ್ದೇನೆ.

ದಾರಿ ತೋರಿಸಿದ್ದು ನಾಟಿ ಕೋಳಿ ಸಾರು. ಭಾನುವಾರ ಮಧ್ಯಾಹ್ನ ಬಿಸಿಬಿಸಿ ಮುದ್ದೆ ಜೊತೆ ತಿಂದೆ, ಏನೂ ಆಗಲಿಲ್ಲ. ಅದೇ ಪಾತ್ರೆಯ ಸಾರು ಸೋಮವಾರ ರಾತ್ರಿ ಚೆನ್ನಾಗಿ ಕುದಿಸಿ ತಿಂದೆ. ಅರ್ಧ ಗಂಟೆಗೆ ಕಿವಿ ಸುಡುವಷ್ಟು ಕೆಂಪು, ತೊಡೆ ತುಂಬ ದದ್ದು. ಅದೇ ಕೋಳಿ, ಅದೇ ಖಾರ. ಬದಲಾಗಿದ್ದು ಹೊತ್ತು ಮಾತ್ರ. ಇಟ್ಟಷ್ಟೂ ಹಿಸ್ಟಮಿನ್ ಏರುತ್ತದೆ, ಕುದಿಸಿದರೆ ಅದು ಹೋಗುವುದಿಲ್ಲ. ಹಳೇ ಸಾರಿಗೆ ರುಚಿ ಜಾಸ್ತಿ ಅಂತ ಎರಡೆರಡು ದಿನ ಕುದಿಸಿ ಕುದಿಸಿ ತಿನ್ನುವ ಮನೆ ನಮ್ಮದು!

ಅವತ್ತಿಂದ ಮಗಳ ಹಳೇ ನೋಟ್‌ಬುಕ್ಕಲ್ಲಿ ಬರೆದಿಡಲು ಶುರು ಮಾಡಿದೆ. ಏನು ತಿಂದೆ ಅಂತ ಎಲ್ಲರೂ ಬರೆಯುತ್ತಾರೆ. ನಾನು ಮಾಡಿ ಎಷ್ಟು ಹೊತ್ತಿಗೆ ತಿಂದೆ ಅಂತಲೂ ಬರೆದೆ. ಇಪ್ಪತ್ತೈದು ದಿನಕ್ಕೆ ಚಿತ್ರ ಕಣ್ಣಿಗೆ ಕಂಡಿತು. ಬೇಳೆ, ಮಾಂಸ ಮಾಡಿ ಎರಡು ಮೂರು ಗಂಟೆ ಒಳಗಾದರೆ ನನಗೆ ಸರಿ. ಉಳಿದರೆ ಆರಿದ ತಕ್ಷಣ ಸಣ್ಣ ಡಬ್ಬಿಗಳಲ್ಲಿ ಫ್ರೀಜರ್‌ಗೆ, ಬರೀ ಫ್ರಿಜ್ಜಿಗೆ ಇಟ್ಟರೆ ಸಾಲದು. ಒಂದು ಸಲ ರಾತ್ರಿಯೆಲ್ಲ ಕರೆಂಟು ಹೋಗಿ ಡಬ್ಬಿಗಳು ಕರಗಿದ್ದವು. ಎಸೆಯಲು ಮನಸ್ಸು ಬರದೆ ತಿಂದು ಮೂರು ದಿನ ಮಲಗಿದೆ. ಈಗ ಎಸೆಯುತ್ತೇನೆ. ಉಪ್ಪಿನಕಾಯಿ, ಬದನೆ, ಪಾಲಕ್, ಅಂಗಡಿ ಮೊಸರು ಬಿಟ್ಟೆ. ಸೊಪ್ಪು ಬೇಕೆಂದರೆ ದಂಟು, ನುಗ್ಗೆ. ಟೊಮೆಟೊನೂ ಬಿಟ್ಟೆ. ತೋಟದಲ್ಲಿ ರಾಶಿ ಬಿದ್ದಿರುವಾಗ ಸಾರಿಗೆ ಒಂದೂ ಹಾಕದೆ ಇರುವುದು ತುಂಬಾ ಕಷ್ಟವಾಯಿತು.

ಹುಳಿಗೆ ಶ್ರೀನಿವಾಸಪುರದ ಮಾವಿನಕಾಯಿ ತರಿಸಿ, ತೆಳ್ಳಗೆ ಹೆಚ್ಚಿ, ಮೂರು ದಿನ ಬಿಸಿಲಲ್ಲಿ ಒಣಗಿಸಿ ಪುಡಿ ಮಾಡಿಕೊಂಡೆ. ಬಣ್ಣಕ್ಕೆ ಸಿಹಿಗುಂಬಳ ಬೇಯಿಸಿ ಅರೆದು ಹಾಕುತ್ತೇನೆ. ಇನ್ನೊಂದು ವಸ್ತು ಬೀಳುತ್ತದೆ, ಅದನ್ನು ಹೇಳುವುದಿಲ್ಲ, ನಾದಿನಿ ಕೇಳಿದರೂ ಹೇಳಿಲ್ಲ. ಹಬ್ಬಕ್ಕೆ ಬಂದ ಹನ್ನೆರಡು ಜನ ಊಟ ಮಾಡಿದರು, ಟೊಮೆಟೊ ಇಲ್ಲ ಅಂತ ಒಬ್ಬರಿಗೂ ಗೊತ್ತಾಗಲಿಲ್ಲ.

ದೋಸೆ ಕಥೆ ಬೇರೆ. ಮುಳಬಾಗಿಲಲ್ಲಿ ಇದ್ದುಕೊಂಡು ದೋಸೆ ಬಿಡಲು ಆಗುತ್ತದಾ? ಹಿಟ್ಟು ನಾಲ್ಕು ಗಂಟೆ, ಎಂಟು ಗಂಟೆ, ಹನ್ನೆರಡು ಗಂಟೆ ಇಟ್ಟು ಬೇರೆ ಬೇರೆ ವಾರ ತಿಂದು ನೋಡಿದೆ. ನಾಲ್ಕಕ್ಕೆ ಏನೂ ಇಲ್ಲ, ಎಂಟಕ್ಕೆ ಮೂಗು ಸೋರುತ್ತದೆ, ಹನ್ನೆರಡಕ್ಕೆ ದದ್ದು. ಉದ್ದು ಹಾಕಿ ಹುಳಿ ಬರಿಸದೆ ಹೊಯ್ದರೆ ರಬ್ಬರಿನ ಹಾಗೆ ಆಗುತ್ತದೆ, ಆರೇಳು ಸಲ ಹಾಳಾಯಿತು. ಈಗ ಬರೀ ಅಕ್ಕಿ ನೆನೆಸಿ, ಒಂದು ಹಿಡಿ ರಾಗಿ ಹಿಟ್ಟು, ಜೀರಿಗೆ, ತೆಂಗಿನಕಾಯಿ ಸೇರಿಸಿ ಅರೆದು ತಕ್ಷಣ ಕಾವಲಿಗೆ ಹಾಕುತ್ತೇನೆ. ನವಣೆಯಲ್ಲೂ ಮಾಡಿದೆ. ಆ ವರ್ಷ ಎಲ್ಲರ ಬಾಯಲ್ಲೂ ಸಿರಿಧಾನ್ಯ, ಕೆಜಿಗೆ ನೂರರ ಮೇಲೆ ಕೊಟ್ಟು ತಂದೆ. ನನ್ನ ಹೊಟ್ಟೆಗೆ ಒಗ್ಗಲಿಲ್ಲ.

ಹೊಟ್ಟೆಯಲ್ಲಿ ಹಿಸ್ಟಮಿನ್ ಒಡೆಯುವ ಕಿಣ್ವ ಇರುವ ಡಿಎಒ ಮಾತ್ರೆ ಬಗ್ಗೆ ಕೇಳುವವರಿಗೆ: ತರಿಸಿದ್ದೆ, ಅರವತ್ತಕ್ಕೆ ಎರಡೂವರೆ ಸಾವಿರ. ಮದುವೆ ಮನೆ ಊಟಕ್ಕೆ ಮುಂಚೆ ತಗೊಂಡರೆ ಸ್ವಲ್ಪ ತಡೆಯುತ್ತಿತ್ತು. ದಿನಾ ತಗೊಳ್ಳುವಷ್ಟು ದುಡ್ಡೂ ಇಲ್ಲ, ಅವಶ್ಯಕತೆಯೂ ಬೀಳಲಿಲ್ಲ.

ಅವರೆಕಾಯಿ ಕಾಲದಲ್ಲಿ ಮಾತ್ರ ಸುಮ್ನೆ ಕೂರಲು ಆಗಲಿಲ್ಲ. ಸಿಪ್ಪೆ ಸಮೇತ ತಿಂದರೆ ಉಬ್ಬರ. ಹಿದುಕಿದ ಬೇಳೆ ಒಂದು ಸಣ್ಣ ಬಟ್ಟಲು ಆಯಿತು. ಈ ಸಲ ಸಂಕ್ರಾಂತಿಗೆ ಅತ್ತೆ ಬೆಳಗ್ಗೆಯೇ ಕೂತು ನನಗೆ ಅಂತ ಬೇರೆ ಹಿದುಕಿಟ್ಟರು. ಸಾರು ಇಳಿಸಿದ ತಕ್ಷಣ ಕೂಗಿದರು, "ಬಾಮ್ಮಾ, ಬಿಸಿ ಇದ್ದಾಗಲೇ ತಿನ್ನು, ಹೊತ್ತಾದ್ರೆ ನಿಂಗಾಗಲ್ಲ."

ಈಗ ಟೊಮೆಟೊನೇ ಮತ್ತೆ ನೋಡುತ್ತಿದ್ದೇನೆ. ಗಿಡದಿಂದ ಕಿತ್ತು, ಒಂದು ಗಂಟೆ ಒಳಗೆ ಬೇಯಿಸಿ, ಒಂದೇ ಒಂದು ಕಾಯಿ. ಎರಡು ಸಲ ಏನೂ ಆಗಲಿಲ್ಲ, ಮೂರನೇ ಸಲ ಕತ್ತಿನ ಹತ್ತಿರ ಸ್ವಲ್ಪ ತುರಿಸಿತು. ಆ ವಾರ ನಿದ್ದೆ ಸರಿ ಇರಲಿಲ್ಲ, ಅದಕ್ಕೂ ಇರಬಹುದು. ಮುಂದಿನ ಬೆಳೆ ಬರಲಿ, ಇನ್ನೂ ನಾಲ್ಕು ಸಲ ನೋಡಿ ನೋಟ್‌ಬುಕ್ಕಿಗೆ ಬರೆಯುತ್ತೇನೆ.