ಕ್ರಿಮಿನಲ್ ಕೇಸಿಗೆ ವಕೀಲರನ್ನು ಹಿಡಿಯುವುದು ಹೇಗೆ: ಬೆಂಚ್ ಕ್ಲರ್ಕ್ ಕುರ್ಚಿಯಿಂದ ಕಂಡಂತೆ

ಹಾಸನ ಜಿಲ್ಲೆಯ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಬೆಂಚ್ ಕ್ಲರ್ಕ್ ಆಗಿದ್ದು ನಿವೃತ್ತನಾದವನು ನಾನು. ಜಡ್ಜ್ ಪೀಠದ ಕೆಳಗೇ ನನ್ನ ಮೇಜು. ಅಲ್ಲಿ ಕೂತವರಿಗೆ ಯಾವ ವಕೀಲರು ಫೈಲ್ ಓದಿ ಬಂದಿದ್ದಾರೆ, ಯಾರು ಬಾಗಿಲ ಹತ್ತಿರ ನಿಂತು ಆಗ ತಾನೇ ದಾರ ಬಿಚ್ಚುತ್ತಿದ್ದಾರೆ ಎಂಬುದು ಚೆನ್ನಾಗಿ ಗೊತ್ತಾಗುತ್ತದೆ. ಈಗಲೂ ನೆಂಟರಿಷ್ಟರಲ್ಲಿ ಯಾರ ಮೇಲಾದರೂ ಕೇಸ್ ಬಿದ್ದರೆ ನನಗೆ ಫೋನ್ ಬರುತ್ತದೆ. "ಮಾವ, ಒಳ್ಳೇ ಲಾಯರ್ ಹೆಸರು ಹೇಳಿ." ನಾನು ಹೆಸರು ಹೇಳುವುದಿಲ್ಲ. ಮೊದಲು ಎಫ್‌ಐಆರ್ ಪ್ರತಿ ಇದೆಯಾ ಅಂತ ಕೇಳುತ್ತೇನೆ.

ಬಹಳ ಮಂದಿ ಎಫ್‌ಐಆರ್ ನೋಡದೇ ವಕೀಲರ ಆಫೀಸಿಗೆ ಓಡುತ್ತಾರೆ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಕೇಸುಗಳನ್ನು ಬಿಟ್ಟರೆ ಉಳಿದ ಎಫ್‌ಐಆರ್‌ಗಳನ್ನು ಪೊಲೀಸರು ವೆಬ್‌ಸೈಟಿಗೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಅದರಲ್ಲಿ ಕ್ರೈಂ ನಂಬರ್, ಠಾಣೆ, ಸೆಕ್ಷನ್ ನೋಡಿಕೊಳ್ಳಿ. 2024ರ ಜುಲೈ 1ರಿಂದ ಅಪರಾಧ, ಶಿಕ್ಷೆ ಹೇಳುವ ಐಪಿಸಿ ಜಾಗಕ್ಕೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ), ಕೇಸು ನಡೆಸುವ ವಿಧಾನ ಹೇಳುವ ಸಿಆರ್‌ಪಿಸಿ ಜಾಗಕ್ಕೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಬಂದಿದೆ. ನಮ್ಮ ಬಾಯಲ್ಲಿ ನಲಿದಾಡುತ್ತಿದ್ದ 420 ಈಗ 318ನೇ ಸೆಕ್ಷನ್‌ನಲ್ಲಿದೆ. ಸೆಕ್ಷನ್ ಗೊತ್ತಾದರೆ ಶಿಕ್ಷೆ ಎಷ್ಟು, ಜಾಮೀನು ಠಾಣೆಯಲ್ಲೇ ಸಿಗುತ್ತದೋ ಕೋರ್ಟಿನಲ್ಲೋ, ವಿಚಾರಣೆ ಯಾವ ಕೋರ್ಟಿನಲ್ಲಿ ಎಂಬುದೆಲ್ಲ ಗೊತ್ತಾಗುತ್ತದೆ. ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನ ಹೊಡೆದಾಟದ ಕೇಸಿಗೆ ಬೇಕಾದವರೇ ಬೇರೆ, ಸೆಷನ್ಸ್ ಕೋರ್ಟಿನ ಕೊಲೆ ಕೇಸಿಗೆ ಬೇಕಾದವರೇ ಬೇರೆ. ಗಾಂಜಾ ಕೇಸು, ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ) ಕೇಸು ಇದ್ದರೆ ಅವನ್ನೇ ನಡೆಸಿ ಅಭ್ಯಾಸವಿರುವವರನ್ನು ಹುಡುಕಬೇಕು. ಅಲ್ಲಿ ಜಾಮೀನಿನ ಲೆಕ್ಕವೇ ಬೇರೆ.

ಠಾಣೆಯಿಂದ ನೋಟಿಸ್ ಬಂದ ತಕ್ಷಣ ಅರೆಸ್ಟ್ ಆಗಿಬಿಟ್ಟರು ಅಂದುಕೊಳ್ಳಬೇಡಿ. ಏಳು ವರ್ಷದವರೆಗೆ ಶಿಕ್ಷೆಯಿರುವ ಅಪರಾಧಗಳಲ್ಲಿ ಸುಮ್ನೆ ಹಿಡಿದು ಒಳಗೆ ಹಾಕುವಂತಿಲ್ಲ. ಬಿಎನ್‌ಎಸ್‌ಎಸ್ 35(3)ರ ಪ್ರಕಾರ ನೋಟಿಸ್ ಕೊಟ್ಟು ಕರೆಸಬಹುದು. ಕರೆದಾಗ ಹೋಗಬೇಕು ಅಷ್ಟೇ. ಆ ನೋಟಿಸ್ ತೋರಿಸಿದ ಕೂಡಲೇ "ಇವತ್ತು ರಾತ್ರಿನೇ ಎತ್ಹಾಕ್ಕೊಂಡು ಹೋಗ್ತಾರೆ, ದುಡ್ಡು ರೆಡಿ ಮಾಡ್ಕೊಳಿ" ಅಂತ ಹೆದರಿಸುವವರ ಆಫೀಸಿನಿಂದ ಎದ್ದು ಬನ್ನಿ. ನಿಜವಾಗಿ ಅರೆಸ್ಟ್ ಭಯವಿದ್ದರೆ ನಿರೀಕ್ಷಣಾ ಜಾಮೀನು ಕೇಳಬೇಕಾಗಬಹುದು. ಅದಕ್ಕೆ ಸೆಷನ್ಸ್ ಕೋರ್ಟ್ ಅಥವಾ ಹೈಕೋರ್ಟ್‌ಗೇ ಹೋಗಬೇಕು, ಮ್ಯಾಜಿಸ್ಟ್ರೇಟರಿಗೆ ಆ ಅಧಿಕಾರವಿಲ್ಲ.

ಮನೆಯವರನ್ನು ಆಗಲೇ ಹಿಡಿದುಕೊಂಡು ಹೋಗಿದ್ದರೆ ಆರಿಸುತ್ತಾ ಕೂರಲು ಸಮಯವಿಲ್ಲ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಆ ಹೊತ್ತಿಗೆ ಅದೇ ಊರಿನ, ಅದೇ ಕೋರ್ಟಿಗೆ ದಿನಾ ಬರುವ ವಕೀಲರೊಬ್ಬರು ಇದ್ದರೆ ಸಾಕು. ಬೆಂಗಳೂರಿನಿಂದ ದೊಡ್ಡ ಹೆಸರಿನವರು ಕಾರಿನಲ್ಲಿ ಬರುವಷ್ಟರಲ್ಲಿ ರಿಮ್ಯಾಂಡ್, ಅಂದರೆ ಕಸ್ಟಡಿಗೆ ಕಳಿಸುವ ಆದೇಶ, ಮುಗಿದಿರುತ್ತದೆ. ಯಾರೂ ಸಿಗದಿದ್ದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಕಸ್ಟಡಿಯಲ್ಲಿರುವವರು, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. 1987ರ ಕಾಯ್ದೆಯೇ ಹಾಗೆ ಹೇಳಿದೆ. "ಸರ್ಕಾರಿ ಲಾಯರ್ರಾ, ಬೇಡ ಬಿಡಿ" ಎಂದು ಮೂಗು ಮುರಿಯುವವರಿಗೆ ಒಂದು ಮಾತು: ಅವರಲ್ಲಿ ಕೆಲವರು ಪಾಟಿ ಸವಾಲಿಗೆ (ಎದುರು ಕಡೆಯ ಸಾಕ್ಷಿಯನ್ನು ಪ್ರಶ್ನಿಸುವುದಕ್ಕೆ) ಎದ್ದರೆ ನಾನು ಪೆನ್ನು ಕೆಳಗಿಟ್ಟು ಕೇಳಿದ್ದುಂಟು.

ಬೇಲ್ ಮಾಡಿಸಿದವರೇ ಕೇಸನ್ನೂ ನಡೆಸಬೇಕು ಅಂತೇನಿಲ್ಲ. ಈ ಮಾತನ್ನು ಜನಕ್ಕೆ ಒಪ್ಪಿಸುವುದೇ ಕಷ್ಟ. ಬೇಲ್‌ಗೆ ಓಡಾಟ ಬೇಕು, ಟ್ರಯಲ್‌ಗೆ ಓದು ಬೇಕು. ಹೊರಗೆ ಬಂದ ಮೇಲೆ ಚಾರ್ಜ್‌ಶೀಟ್ (ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ಆರೋಪಪಟ್ಟಿ) ಆಗುವವರೆಗೆ ತಿಂಗಳುಗಟ್ಟಲೆ ಸಮಯ ಸಿಗುತ್ತದೆ, ಅಲ್ವಾ? ಆಗ ಒಂದು ಕೆಲಸ ಮಾಡಿ. ನಿಮ್ಮ ಕೇಸು ಬರಲಿರುವ ಕೋರ್ಟ್ ಹಾಲಿನಲ್ಲಿ ಹಿಂದಿನ ಬೆಂಚಿನ ಮೇಲೆ ಒಂದೆರಡು ದಿನ ಕೂತು ನೋಡಿ. ಕೆಲವು ಕೇಸು ಬಿಟ್ಟರೆ ನಮ್ಮ ಕೋರ್ಟುಗಳಿಗೆ ಯಾರು ಬೇಕಾದರೂ ಬಂದು ಕೂರಬಹುದು. ಮೊಬೈಲ್ ಆಫ್ ಮಾಡಿರಿ, ಅಷ್ಟು ಸಾಕು.

ನೋಡಬೇಕಾದ್ದು ಪಾಟಿ ಸವಾಲನ್ನು. ಒಂದು ಕಳ್ಳತನದ ಕೇಸಿನಲ್ಲಿ ಮಹಜರ್ ಸಾಕ್ಷಿ ಬಂದಿದ್ದ. ಮಹಜರ್ ಅಂದರೆ ಮಾಲು ಸಿಕ್ಕ ಜಾಗದಲ್ಲೇ ಸಾಕ್ಷಿಗಳ ಎದುರು ಬರೆಯಬೇಕಾದ ದಾಖಲೆ. ಆರೋಪಿ ತೋರಿಸಿದ ಜಾಗದಲ್ಲೇ ಚಿನ್ನ ಸಿಕ್ಕಿತು, ನಾನು ನೋಡಿದೆ, ಸಹಿ ಮಾಡಿದೆ ಅಂತ ಗಿಣಿಪಾಠ ಒಪ್ಪಿಸಿದ. ಆರೋಪಿ ಪರ ವಕೀಲರು ವಯಸ್ಸಾದವರು, ದನಿ ಏರಿಸುವವರಲ್ಲ. "ಎಲ್ಲಿ ಕೂತು ಸಹಿ ಮಾಡಿದ್ರಿ?" "ಬೆಂಚಿನ ಮೇಲೆ." "ಯಾವ ಬೆಂಚು?" "ಠಾಣೆದು." ವಕೀಲರು ಥ್ಯಾಂಕ್ಸ್ ಹೇಳಿ ಕೂತುಬಿಟ್ಟರು. ಪಕ್ಕದಲ್ಲಿದ್ದ ಜೂನಿಯರ್ ಇನ್ನೂ ಕೇಳಿ ಸಾರ್ ಅಂತ ಕೋಟು ಜಗ್ಗುತ್ತಿದ್ದ. ಕೇಳಿದ್ದರೆ ಸಾಕ್ಷಿ ಸರಿಪಡಿಸಿಕೊಳ್ಳುತ್ತಿದ್ದ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರುವ ವಕೀಲರೇ ನಿಮಗೆ ಬೇಕು. ಅರ್ಧ ಗಂಟೆ ಕೂಗಾಡಿ ಕಕ್ಷಿದಾರನ ಕಡೆ ತಿರುಗಿ ನೋಡುವವರು ಬೇಡ.

ಹೀಗೆ ಇಬ್ಬರು ಮೂವರನ್ನು ಗುರುತು ಹಾಕಿಕೊಂಡ ಮೇಲೆ ಆಫೀಸಿಗೆ ಹೋಗಿ, ಸಂಜೆ ಹೊತ್ತು. ಚಾರ್ಜ್‌ಶೀಟ್ ಪ್ರತಿ ಕೊಟ್ಟು, ಓದಿ ಅಭಿಪ್ರಾಯ ಹೇಳಿ ಅಂತ ಕೇಳಿ. ಓದಲು ಫೀಸ್ ಕೇಳಿದರೆ ಕೊಡಿ, ಅದು ಸರಿಯಾದ ಫೀಸೇ. ಮುಂದಿನ ಸಲ ಹೋದಾಗ ಯಾವ ಸಾಕ್ಷಿ ಗಟ್ಟಿ, ಯಾವುದು ಪೊಳ್ಳು ಅಂತ ಹೇಳಬೇಕು. ಡಿಸ್ಚಾರ್ಜ್ ಅರ್ಜಿ, ಅಂದರೆ ವಿಚಾರಣೆಗೆ ಮುಂಚೆಯೇ ಕೇಸಿನಿಂದ ಕೈಬಿಡಿ ಎನ್ನುವ ಅರ್ಜಿ, ಹಾಕಬಹುದಾ ಅಂತಲೂ ಕೇಳಿ. ಹೊಸ ಕಾನೂನಿನಲ್ಲಿ ಅದಕ್ಕೆ 60 ದಿನದ ಗಡುವಿದೆ. ಗಡುವಿನ ಮಾತನ್ನು ಅವರಾಗಿಯೇ ಎತ್ತಿದರೆ ಹೊಸ ಪುಸ್ತಕ ಓದಿದ್ದಾರೆ ಅಂತ ತಿಳಿಯಿರಿ. ಮನೆಯವರು ಇನ್ನೂ ಜೈಲಿನಲ್ಲಿದ್ದರೆ ಚಾರ್ಜ್‌ಶೀಟ್ ಬರುವ ಮುಂಚೆಯೇ ಇನ್ನೊಂದು ಗಡುವಿನ ಬಗ್ಗೆ ಕೇಳಬೇಕು. ಪೊಲೀಸರು 60 ದಿನದಲ್ಲಿ, ದೊಡ್ಡ ಅಪರಾಧವಾದರೆ 90 ದಿನದಲ್ಲಿ ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಹಕ್ಕಾಗುತ್ತದೆ. ಆದರೆ ಅದು ತಾನಾಗಿ ಬರುವುದಿಲ್ಲ, ಪೊಲೀಸರು ಚಾರ್ಜ್‌ಶೀಟ್ ಹಾಕುವ ಮುಂಚೆ ಅರ್ಜಿ ಹಾಕಿರಬೇಕು. ಒಂದು ದಿನ ಮೈಮರೆತು ಆ ಹಕ್ಕು ಕಳೆದುಕೊಂಡವರನ್ನು ಕಂಡಿದ್ದೇನೆ.

ಅಣ್ಣ ತಮ್ಮ ಇಬ್ಬರೂ ಎ1, ಎ2 (ಒಂದನೇ, ಎರಡನೇ ಆರೋಪಿ) ಆಗಿದ್ದರೆ ಖರ್ಚು ಉಳಿಯಲಿ ಅಂತ ಒಬ್ಬರೇ ವಕೀಲರನ್ನು ಇಡುತ್ತಾರೆ. ಇಬ್ಬರ ಕಥೆಯೂ ಒಂದೇ ಆದರೆ ತೊಂದರೆಯಿಲ್ಲ. "ನಾನು ಬಿಡಿಸೋಕೆ ಹೋದೆ, ಹೊಡೆದಿದ್ದು ಅವನು" ಎನ್ನುವ ಕಥೆಯಾದರೆ ಬೇರೆ ಬೇರೆ ವಕೀಲರೇ ಬೇಕು. ಇದನ್ನು ಮೊದಲ ದಿನವೇ ಮುಖಕ್ಕೆ ಹೇಳುವ ವಕೀಲರು ಅರ್ಧ ಫೀಸ್ ಬಿಟ್ಟುಕೊಡುತ್ತಿದ್ದಾರೆ ಅಂತ ಅರ್ಥ. ಅಂಥವರನ್ನು ನಂಬಿ. ಅವರಿಗೆ ನಡೆದದ್ದನ್ನು ನಡೆದ ಹಾಗೇ ಹೇಳಿ. ಆಗಿಹೋದ ಘಟನೆಯ ಬಗ್ಗೆ ನೀವು ವಕೀಲರಿಗೆ ಹೇಳಿದ್ದನ್ನು ನಿಮ್ಮ ಒಪ್ಪಿಗೆಯಿಲ್ಲದೆ ಅವರು ಹೊರಗೆ ಹೇಳುವಂತಿಲ್ಲ.

ಫೀಸ್ ಮಾತನ್ನು ಹಂತ ಹಂತವಾಗಿ ಆಡಿ: ಜಾಮೀನಿಗೆ ಎಷ್ಟು, ಟ್ರಯಲ್‌ಗೆ ಎಷ್ಟು, ಹೈಕೋರ್ಟಿಗೆ ಹೋಗಬೇಕಾದರೆ ಬೇರೆಯಾ. ಪ್ರತಿ ವಾಯಿದೆಗೂ (ಕೋರ್ಟಿನ ತಾರೀಖಿಗೂ) ಕೊಡಬೇಕಾ ಅಂತ ಬಾಯಿಬಿಟ್ಟು ಕೇಳಿ. ಆನ್‌ಲೈನಲ್ಲಿ ಹಾಕಿ, ಇಲ್ಲವೇ ರಸೀದಿ ಪಡೆಯಿರಿ. "ಗೆದ್ದರೆ ಇಷ್ಟು ಕೊಡಿ" ಎನ್ನುವ ಒಪ್ಪಂದ ನಮ್ಮ ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. "ಸಾಹೇಬ್ರು ನಮ್ಮವರೇ, ಒಳಗೆ ಸ್ವಲ್ಪ ಕೊಡಬೇಕು" ಅಂದರೆ, ಆ ದುಡ್ಡು ಹೇಳಿದವರ ಜೇಬಿಗೇ ಹೋಗುವುದು ಜಾಸ್ತಿ. ಠಾಣೆ ಎದುರಿನ ಟೀ ಅಂಗಡಿಯಲ್ಲಿ ಲಾಯರ್ ಹೆಸರು ಹೇಳುವವನಿಗೂ, ಕೋರ್ಟ್ ಆವರಣದಲ್ಲಿ ಬಾಡಿಗೆ ಜಾಮೀನುದಾರರನ್ನು ಕೊಡಿಸುವವನಿಗೂ ಕಮಿಷನ್ ಇರುತ್ತದೆ. ಆ ಬಾಡಿಗೆ ಜಾಮೀನುದಾರ ಕೊಟ್ಟ ಪಹಣಿ ನಕಲಿಯಾಗಿದ್ದರೆ ಇನ್ನೊಂದು ಕೇಸು ಮೈಮೇಲೆ ಬರುತ್ತದೆ. ಜಮೀನಿರುವ ಸ್ವಂತ ನೆಂಟರನ್ನೇ ಕರೆತನ್ನಿ.

ವಕಾಲತ್ತಿಗೆ (ವಕೀಲರಿಗೆ ಕೇಸು ನಡೆಸುವ ಅಧಿಕಾರ ಕೊಡುವ ಪತ್ರಕ್ಕೆ) ಸಹಿ ಹಾಕುವಾಗ ಖಾಲಿ ಹಾಳೆಗಳಿಗೆ ಸಹಿ ಬೇಡ. ಅದರಲ್ಲಿ ವಕೀಲರ ನೋಂದಣಿ ಸಂಖ್ಯೆ ಇದೆಯಾ ನೋಡಿ. ಪ್ರತಿ ಕೇಸಿಗೂ ಕೋರ್ಟ್ ಕೊಡುವ ಸಿಎನ್‌ಆರ್ ನಂಬರ್ ಬರೆದುಕೊಂಡು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿಡಿ. ಮುಂದಿನ ತಾರೀಖು ನಿಮಗೇ ಕಾಣುತ್ತದೆ. ಗುಮಾಸ್ತರು ಹೇಳಲು ಮರೆತರು ಅಂತ ಗೈರಾದರೆ ಮೂರು ಸಲ ಹೆಸರು ಕೂಗಿ ವಾರಂಟ್ ಬರೆಯುತ್ತಾರೆ. ಬರೆಯುತ್ತಿದ್ದದ್ದು ನಾನೇ.

ವಕೀಲರು ಸರಿಹೋಗದಿದ್ದರೆ ಬದಲಾಯಿಸಬಹುದು. ಸಾಕ್ಷಿ ವಿಚಾರಣೆ ಶುರುವಾಗುವ ಮುಂಚೆ ಬದಲಾಯಿಸಿದರೆ ಒಳ್ಳೆಯದು. ಬಾಕಿ ಫೀಸ್ ಕೊಟ್ಟು, ಎನ್‌ಒಸಿ (ಬೇರೆ ವಕೀಲರನ್ನು ಇಡಲು ಅಭ್ಯಂತರವಿಲ್ಲ ಎನ್ನುವ ಪತ್ರ) ಕೇಳಿ. ಫೀಸ್ ತಕರಾರು ಇದ್ದರೂ ಕೇಸಿನ ಫೈಲನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ, ಸುಪ್ರೀಂ ಕೋರ್ಟ್ 2000ದಲ್ಲೇ ಹಾಗೆ ಹೇಳಿದೆ. ಅಷ್ಟಾಗಿಯೂ ಕೊಡದಿದ್ದರೆ ಕೋರ್ಟಿನ ಕಾಪಿಯಿಂಗ್ ವಿಭಾಗದಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ಹೊಸ ವಕೀಲರಿಗೆ ಕೊಡಿ.